ಪೆಟ್ಟಿಗೆಯಲ್ಲಿ ಕಡ್ಡಿ ಬೇಡ, ಕೈಯಲ್ಲಿ ಕಸಿ ಇರಲಿ

ಊರಿನಿಂದ ಹಿರಿಯರು ಸ್ಯಾನ್ ಡಿಯಾಗೋಗೆ ಹೊರಡುವ ದಿನ ಹತ್ತಿರವಾದಂತೆ ದೂರವಾಣಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಏನು ತರಲಿ?" ಹಪ್ಪಳ, ಉಪ್ಪಿನಕಾಯಿಗಳ ಪಟ್ಟಿ ಮುಗಿದ ಮೇಲೆ ದನಿ ತಗ್ಗುತ್ತದೆ. "ಕರಿಬೇವಿನ ಸಣ್ಣ ಸಸಿಯೊಂದನ್ನು ಸೀರೆಯ ನಡುವೆ ಇಟ್ಟು ತಂದರೆ ಆಗದೇ?" ಶಿರಸಿಯಿಂದ ನನ್ನ ಆಯಿ ಹೀಗೆ ಕೇಳಿದಾಗ ನಾನು ಬೇಡವೆಂದೆ. ನಾಲ್ಕು ಎಲೆಯ ಗಿಡಕ್ಕೆ ಇಷ್ಟು ಹೆದರಿಕೆಯೇ ಎಂದು ಅವಳು ಮುನಿಸಿಕೊಂಡಳು. ಹೆದರಿಕೆಗೆ ಕಾರಣವಿದೆ. ಅದನ್ನು ತಿಳಿಸುವುದಕ್ಕೂ, ಗಿಡದ ಹಂಬಲವನ್ನು ಇಲ್ಲಿಯೇ ತೀರಿಸಿಕೊಳ್ಳುವ ದಾರಿಯೊಂದನ್ನು ಸೂಚಿಸುವುದಕ್ಕೂ ಈ ಬರಹ.

ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಈ ಗಿಡಗಳ ಚಿಗುರಿನ ರಸ ಹೀರುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕಾಣಿಸಿಕೊಂಡದ್ದು 2008ರಲ್ಲಿ, ನಮ್ಮ ಸ್ಯಾನ್ ಡಿಯಾಗೋ ಕೌಂಟಿಯಲ್ಲಿಯೇ. ಅದು ಹರಡುವ ಸಿಟ್ರಸ್ ಗ್ರೀನಿಂಗ್ ರೋಗ 2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಹಸಿಯೆಂಡಾ ಹೈಟ್ಸ್‌ನಲ್ಲಿ ಪತ್ತೆಯಾಯಿತು. ಯಾವುದೋ ದೊಡ್ಡ ತೋಟದಲ್ಲಲ್ಲ, ಮನೆಯಂಗಳದಲ್ಲಿದ್ದ, ಕಸಿ ಕಟ್ಟಿದ್ದ ಮರವೊಂದರಲ್ಲಿ. ಈ ರೋಗಕ್ಕೆ ಔಷಧವಿಲ್ಲ. ಕೀಟದಿಂದಲ್ಲದೆ, ರೋಗ ತಗಲಿದ ಮರದ ಕಡ್ಡಿಯನ್ನು ಕಸಿ ಕಟ್ಟಿದರೂ ಅದು ಹರಡುತ್ತದೆ. ಹಸಿರಾಗಿ ಕಾಣುವ ಕಡ್ಡಿಯೊಳಗೆ ಏನಿದೆಯೆಂದು ಕಣ್ಣಿಗೆ ತಿಳಿಯದು. ಮಮತೆಯಿಂದ ಬಚ್ಚಿಟ್ಟು ತಂದ ಸಸಿ ಪಕ್ಕದ ಮನೆಯ ನಿಂಬೆಮರಕ್ಕೆ ಮೃತ್ಯುವಾಗಬಹುದು. ವಿಮಾನನಿಲ್ದಾಣದ ದಂಡಕ್ಕಿಂತ ಈ ಹೊಣೆ ದೊಡ್ಡದು.

ಹಾಗಾದರೆ ಕಸಿ ಕಟ್ಟಿ ಬೆಳೆದ ಮಲೆನಾಡಿನ ಕೈ ಇಲ್ಲಿ ಸುಮ್ಮನಿರಬೇಕೇ? ನನ್ನ ಉತ್ತರ ಕ್ಯಾಮೆಲಿಯಾ. ಇದು ಚಹಾ ಗಿಡದ ದಾಯಾದಿ. ನಮ್ಮ ಮನೆಗಳಲ್ಲಿ ಅದಕ್ಕೆ ಹಾಡಿಲ್ಲ, ಹಬ್ಬವಿಲ್ಲ. ಆದರೆ ತಾಯಿಗಿಡ ಇಲ್ಲಿಯ ನರ್ಸರಿಗಳಲ್ಲಿಯೇ ದೊರೆಯುತ್ತದೆ, ಕಡ್ಡಿ ನೆರೆಯವರ ಅಂಗಳದಲ್ಲಿಯೇ ಇರುತ್ತದೆ.

ಕೆಲಸ ಜನವರಿ, ಫೆಬ್ರವರಿಯದು. ಹೊಸ ಚಿಗುರು ಹೊರಡುವ ಮುನ್ನ. ಬೇರುರೋಗವನ್ನು ತಾಳಬಲ್ಲ ಸಸಾಂಕ್ವಾ ಜಾತಿಯ ಗಿಡವನ್ನು ಮಣ್ಣಿನಿಂದ ಮೂರು ಬೆರಳು ಮೇಲೆ ಕತ್ತರಿಸಿ, ಕಾಂಡದ ನಡುವೆ ಸೀಳಬೇಕು. ಬೇಕಾದ ಹೂವಿನ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ, ಸೀಳಿನಲ್ಲಿ ಕೂರಿಸಬೇಕು. ತೊಗಟೆಯ ಕೆಳಗಿನ ತೆಳುಹಸಿರು ಪದರ ಒಂದು ಬದಿಯಲ್ಲಾದರೂ ಪರಸ್ಪರ ಕೂಡಬೇಕು. ಕಸಿಯ ಗುಟ್ಟೆಲ್ಲ ಅಲ್ಲಿದೆ. ಮೇಲೆ ಗಾಜಿನ ಭರಣಿ ಕವುಚಿ ನೆರಳಿನಲ್ಲಿಟ್ಟು, ಆರರಿಂದ ಎಂಟು ವಾರ ತಾಳ್ಮೆಯಿಂದ ಕಾಯಬೇಕು. ಚಿಗುರಿದ ಮೇಲೂ ಭರಣಿಯನ್ನು ಒಮ್ಮೆಲೇ ತೆಗೆಯಲಾಗದು. ದಿನದಿನವೂ ಸ್ವಲ್ಪಸ್ವಲ್ಪವೇ ಎತ್ತಬೇಕು.

ಮೊದಲ ವರ್ಷ ನಾನು ಕಟ್ಟಿದ ಮೂರರಲ್ಲಿ ಮೂರೂ ಒಣಗಿದವು. ಚಿಗುರು ಕಂಡ ಸಂಭ್ರಮದಲ್ಲಿ ಭರಣಿಯನ್ನು ಒಂದೇ ದಿನ ತೆಗೆದದ್ದು ನನ್ನದೇ ತಪ್ಪು. ಅಪ್ಪಯ್ಯ ದೂರವಾಣಿಯಲ್ಲಿ ನಕ್ಕು, "ಮಾವಿನ ಕಸಿಯನ್ನೂ ನೀನು ಹೀಗೆಯೇ ದಿನಕ್ಕೆರಡು ಸಲ ಬಿಚ್ಚಿ ನೋಡುತ್ತಿದ್ದೆ" ಎಂದರು. ಎರಡನೆಯ ವರ್ಷ ಎರಡು ಬದುಕಿದವು. ಆ ಕಡ್ಡಿಗಳನ್ನು ಕೊಟ್ಟವರು, ಅದುವರೆಗೆ ಬರಿಯ ಕೈಬೀಸಿ ಹೋಗುತ್ತಿದ್ದ ಪಕ್ಕದ ಮನೆಯ ವೃದ್ಧೆ. ಈಗ ಅವರು ಬೇಲಿಯ ಬಳಿ ನಿಂತು ಗಿಡದ ಯೋಗಕ್ಷೇಮ ವಿಚಾರಿಸುತ್ತಾರೆ.

ಲಾಸ್ ಏಂಜಲೀಸಿಗೆ ಬಂದವರು ಡೆಸ್ಕ್ಯಾನ್ಸೋ ಉದ್ಯಾನವನ್ನು ನೋಡಬೇಕು. ಓಕ್ ಮರಗಳ ನೆರಳಿನಲ್ಲಿ ಅಲ್ಲಿ ಸಾವಿರಾರು ಕ್ಯಾಮೆಲಿಯಾ ಗಿಡಗಳಿವೆ. ಅದನ್ನು ಕಟ್ಟಿದವರು ಪತ್ರಿಕೋದ್ಯಮಿ ಮ್ಯಾಂಚೆಸ್ಟರ್ ಬಾಡಿ. ಆದರೆ ಆ ಗಿಡಗಳಲ್ಲಿ ಬಹುಪಾಲು ಜಪಾನೀ ಮೂಲದ ನರ್ಸರಿಯವರು ಬೆಳೆಸಿದವು. 1942ರಲ್ಲಿ ಸರ್ಕಾರದ ಆಜ್ಞೆಯಂತೆ ಸುಮಾರು 1,20,000 ಜಪಾನೀ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಕಳುಹಿಸಿದಾಗ, ಉಯೆಮಾತ್ಸು ಅವರಂಥ ಬೆಳೆಗಾರರು ತಮ್ಮ ಗಿಡಗಳನ್ನು ಬಾಡಿಯವರಿಗೆ ಮಾರಿ ಹೋಗಬೇಕಾಯಿತು. ಹೂವನ್ನು ಬಯಸಿದ ನೆಲವೇ ಬೆಳೆಸಿದ ಕೈಯನ್ನು ಹೊರಹಾಕಿತು. ವಲಸೆ ಬರುವವರು ಇದನ್ನು ಅರಿತೇ ಬರಬೇಕು. ಪರದೇಶದಲ್ಲಿ ನಮ್ಮ ನೆಲೆ ಭದ್ರವೆಂಬ ಭರವಸೆಯನ್ನು ಯಾವ ಗಿಡವೂ ಕೊಡಲಾರದು. ಆದರೂ ಅವರು ಬೆಳೆಸಿದ್ದು ಇಂದಿಗೂ ಹೂಬಿಡುತ್ತಿದೆ ಎಂಬುದು ಸಣ್ಣ ಮಾತಲ್ಲ.

ಆದುದರಿಂದ ಹೊರಡಲಿರುವ ತರುಣರಿಗೆ ನನ್ನ ವಿನಂತಿ: ವೀಸಾ ಕೈಸೇರುವ ಮೊದಲು ಊರಿನಲ್ಲಿ ಕಸಿ ಕಟ್ಟುವವರ ಪಕ್ಕ ಒಂದು ದಿನ ಕುಳಿತು ಬನ್ನಿ. ಆ ವಿದ್ಯೆಗೆ ಸುಂಕವಿಲ್ಲ, ತಪಾಸಣೆಯಿಲ್ಲ. ಹಿರಿಯರಲ್ಲಿಯೂ ಒಂದು ಬೇಡಿಕೆ: ಸಸಿಯನ್ನು ಊರಿನಲ್ಲಿಯೇ ಬಿಡಿ. ಕಸಿಯ ಚಾಕುವನ್ನು ಚೆನ್ನಾಗಿ ತೊಳೆದು ತನ್ನಿ, ಕೈಚೀಲದಲ್ಲಲ್ಲ, ವಿಮಾನದವರ ವಶಕ್ಕೆ ಕೊಡುವ ಪೆಟ್ಟಿಗೆಯಲ್ಲಿ. ಆಯಿ ಈ ಸಲ ಅದನ್ನೇ ತಂದಿದ್ದಾಳೆ. ಬರುವ ಜನವರಿಯಲ್ಲಿ ಸೀಳುವುದು ನಾನು, ಕಟ್ಟುವುದು ಅವಳು.