ಹೊಸ ಯಂತ್ರ ಕೊಳ್ಳುವ ಮುನ್ನ ಹಳೆಯದನ್ನು ಬಿಚ್ಚಿ ನೋಡಿ

ಮಲೆನಾಡಿನ ಎಷ್ಟೋ ಮನೆಗಳ ಕಪಾಟುಗಳಲ್ಲಿ ಯಕ್ಷಗಾನ, ತಾಳಮದ್ದಲೆ, ಹಿಂದೂಸ್ತಾನಿ ಗಾಯನದ ಸಿ.ಡಿ.ಗಳು ಇಂದಿಗೂ ಉಳಿದಿವೆ. ಅವನ್ನು ಕೇಳಿಸುವ ಯಂತ್ರ ಕೆಟ್ಟಾಗ ನಗರದ ಹೈ-ಫೈ ಅಂಗಡಿಗಳು 'ಸಿ.ಡಿ. ಟ್ರಾನ್ಸ್‌ಪೋರ್ಟ್' ಎಂಬ ದುಬಾರಿ ಯಂತ್ರವನ್ನು ಮುಂದಿಡುತ್ತವೆ. ಅದನ್ನು ಕೊಳ್ಳುವ ಮುನ್ನ ಅದು ಮಾಡುವ ಕೆಲಸವೇನೆಂದು ತಿಳಿಯುವುದು ಒಳಿತು.

ಟ್ರಾನ್ಸ್‌ಪೋರ್ಟ್ ಸ್ವತಃ ಹಾಡುವುದಿಲ್ಲ. ಸಿ.ಡಿ.ಯನ್ನು ತಿರುಗಿಸಿ, ಲೇಸರ್ ಕಿರಣದಿಂದ ಓದಿ, ಅಂಕಿಗಳನ್ನಷ್ಟೇ ಹೊರಗೆ ಕಳುಹಿಸುತ್ತದೆ. ಅವನ್ನು ಧ್ವನಿಸಂಕೇತವಾಗಿ ಮಾರ್ಪಡಿಸುವುದು 'ಡ್ಯಾಕ್' ಎಂಬ ಬೇರೆ ಉಪಕರಣ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಧ್ವನಿಮಾದರಿಗಳಿರುತ್ತವೆ. ಸಣ್ಣ ಗೀರುಗಳ ದೋಷವನ್ನು ತಿದ್ದುವ ವ್ಯವಸ್ಥೆಯೂ ಅದರಲ್ಲೇ ಅಡಕವಾಗಿದೆ. ಆದ್ದರಿಂದ ಸರಿಯಾಗಿ ಓದಬಲ್ಲ ಸಾಧಾರಣ ಯಂತ್ರವೂ ದುಬಾರಿ ಯಂತ್ರವೂ ಡ್ಯಾಕಿಗೆ ಒಪ್ಪಿಸುವುದು ಅದೇ ಅಂಕಿಗಳನ್ನೇ. ಅವು ತಲುಪುವ ಕಾಲದ ಸೂಕ್ಷ್ಮ ಏರುಪೇರನ್ನು ಉತ್ತಮ ಡ್ಯಾಕ್‌ಗಳು ಬಹುಮಟ್ಟಿಗೆ ತಾವೇ ಸರಿಪಡಿಸುತ್ತವೆ.

ಹಾಗಾದರೆ ಆಯ್ಕೆಯ ಮಾನದಂಡ ಯಾವುದು? ದುರಸ್ತಿಯ ಸಾಧ್ಯತೆ. ಇಂಥ ಯಂತ್ರಗಳಲ್ಲಿ ಸವೆಯುವುದು ಹೆಚ್ಚಾಗಿ ಲೇಸರ್ ಭಾಗ ಮತ್ತು ತಟ್ಟೆಯನ್ನು ಎಳೆಯುವ ರಬ್ಬರ್ ಬೆಲ್ಟ್. ಅವು ಬಿಡಿಯಾಗಿ ಸಿಗುತ್ತವೆಯೇ, ಮುಚ್ಚಳವನ್ನು ಸ್ಕ್ರೂ ತೆಗೆದು ಬಿಚ್ಚಬಹುದೇ ಎಂದು ಮೊದಲು ಕೇಳಬೇಕು. ಮಳೆಗಾಲದ ತೇವದಲ್ಲಿ ಲೇಸರ್ ಮಸೂರಕ್ಕೆ ಕವಿದ ಮಸುಕನ್ನು ಒರೆಸಿದರೆ ಸತ್ತಂತಿದ್ದ ಯಂತ್ರ ಮತ್ತೆ ಓದುವುದುಂಟು. ವಿದ್ಯುತ್ ಸಂಪರ್ಕ ತೆಗೆಯದೆ ಮಾತ್ರ ಆ ಕೆಲಸಕ್ಕೆ ಕೈ ಹಾಕಬಾರದು.

ಮೂಲೆ ಸೇರಿದ ಡಿ.ವಿ.ಡಿ. ಪ್ಲೇಯರಿನ ಹಿಂಬದಿಯಲ್ಲಿ 'ಕೊಯಾಕ್ಸಿಯಲ್' ಅಥವಾ 'ಆಪ್ಟಿಕಲ್' ಎಂಬ ಕಿಂಡಿ ಇದ್ದರೆ ಅದೇ ಟ್ರಾನ್ಸ್‌ಪೋರ್ಟ್ ಆಗಬಲ್ಲದು. ಎಂ.ಪಿ.3 ತುಂಬಿದ ಸಿ.ಡಿ.ಗಳನ್ನು ಹಲವು ಟ್ರಾನ್ಸ್‌ಪೋರ್ಟ್‌ಗಳು ಓದಲಾರವು, ಬಹುಪಾಲು ಡಿ.ವಿ.ಡಿ. ಪ್ಲೇಯರುಗಳು ಓದುತ್ತವೆ.

ಇದು ಕೇವಲ ಹಣದ ಉಳಿತಾಯದ ಪ್ರಶ್ನೆಯಲ್ಲ. ಹಳೆಯ ಯಂತ್ರಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಹಳ್ಳದ ದಂಡೆಗೆ ಎಸೆದರೆ ಅದು ನೀರಿಗೂ ಮಣ್ಣಿಗೂ ಸೇರಬಹುದು. ಸುಟ್ಟರೆ ವಿಷದ ಹೊಗೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ. ಆದರೆ ಗುಡ್ಡದ ತಿರುವಿನಲ್ಲಿ ಬಿಸುಟ ಯಂತ್ರವನ್ನು ಹುಡುಕಿಕೊಂಡು ಯಾವ ಉತ್ಪಾದಕನೂ ಬರಲಾರ.

ಊರಿನ ರೇಡಿಯೋ ರಿಪೇರಿಯವರಿಗೆ ಆ ಯಂತ್ರವನ್ನು ಒಮ್ಮೆ ತೋರಿಸಲಿ. ಪಕ್ಕದಲ್ಲಿ ಕುಳಿತು ನೋಡುವ ವಿದ್ಯಾರ್ಥಿಗೆ ಅದೊಂದು ಪಾಠವಾಗುತ್ತದೆ. ಹಾಡಿನ ಜೊತೆಗೆ ಒಂದು ವಿದ್ಯೆಯೂ ಊರಿನಲ್ಲಿ ಉಳಿಯುತ್ತದೆ.