ಚದರಡಿ ರೇಟು ನೋಡಿ ಶೆಡ್ ಕಟ್ಟಿಸಬೇಡಿ

ಈಗ ಊರೂರಲ್ಲೂ ದೊಡ್ಡ ದೊಡ್ಡ ಕಬ್ಬಿಣದ ಶೆಡ್‌ಗಳು ಏಳುತ್ತಿವೆ. ಮೆಕ್ಕೆಜೋಳದ ಗೋದಾಮು, ಅಡಿಕೆ ಸುಲಿಯುವ ಘಟಕ, ಕೋಳಿ ಫಾರಂ, ಸಮುದಾಯ ಭವನ, ಯಾವುದೇ ಇರಲಿ, ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಬಣ್ಣದ ಶೀಟು ಹೊದಿಸುವುದೇ ರೂಢಿಯಾಗಿದೆ. ಅದು ಒಳ್ಳೆಯದೇ. ಕೆಲಸ ಬೇಗ ಮುಗಿಯುತ್ತದೆ, ನಡುವೆ ಕಂಬ ಅಡ್ಡ ಬರುವುದಿಲ್ಲ, ಲೋಡು ಲಾರಿ ನೇರ ಒಳಗೆ ಬರುತ್ತದೆ. ನನ್ನ ತಕರಾರು ಇರುವುದು ನಾವು ಅದನ್ನು ಕೊಳ್ಳುವ ರೀತಿಯ ಬಗ್ಗೆ.

ಶೆಡ್ ಕಟ್ಟಿಸುವವರು ಕೇಳುವ ಮೊದಲ ಪ್ರಶ್ನೆ, ಬಹಳ ಸಲ ಕೊನೆಯ ಪ್ರಶ್ನೆಯೂ ಒಂದೇ: "ಚದರಡಿಗೆ ಎಷ್ಟು?" ಮೂವರು ಮೂರು ರೇಟು ಹೇಳುತ್ತಾರೆ. ಕಡಿಮೆ ಹೇಳಿದವನಿಗೆ ಮುಂಗಡ ಹೋಗುತ್ತದೆ. ಎಮ್ಮೆ ಕೊಳ್ಳುವಾಗ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಎರಡು ಹೊತ್ತು ಹಾಲು ಕರೆದು ನೋಡುವ ನಾವು, ಇಪ್ಪತ್ತು ಲಕ್ಷದ ಕಟ್ಟಡವನ್ನು ಒಂದು ಫೋನ್ ಕರೆಯಲ್ಲಿ ಮುಗಿಸುತ್ತೇವೆ.

ಚದರಡಿ ರೇಟಿನೊಳಗೆ ಏನೇನು ಅಡಗಿರುತ್ತದೆ ನೋಡಿ. ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ರೇಟು ಬೇರೆ ಇರಬಹುದು.

ಶೆಡ್ 60 ಅಡಿ ಅಗಲ, 100 ಅಡಿ ಉದ್ದ. ಒಟ್ಟು 6,000 ಚದರಡಿ. ಒಬ್ಬ 280 ರೂಪಾಯಿ ಹೇಳಿದ, ಇನ್ನೊಬ್ಬ 340 ಹೇಳಿದ. ಮೊದಲನೆಯವನದು 16.80 ಲಕ್ಷ, ಎರಡನೆಯವನದು 20.40 ಲಕ್ಷ. ಮೇಲ್ನೋಟಕ್ಕೆ 3.60 ಲಕ್ಷ ಉಳಿತಾಯ. ಆದರೆ ಮೊದಲನೆಯವನ ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂದಿದೆ. ಶೇ 18 ಸೇರಿಸಿದರೆ 19.82 ಲಕ್ಷ. ಸಾಗಣೆ, ಕ್ರೇನು, ಫೌಂಡೇಶನ್ ಬೋಲ್ಟು, ನೀರು ಹೋಗುವ ಗಟರ್ ಎಲ್ಲ ನಮ್ಮ ತಲೆಗೆ. ಇವೆಲ್ಲ ಸೇರಿಯೇ 340 ಎಂದು ಎರಡನೆಯವನು ಬರೆದುಕೊಟ್ಟಿದ್ದರೆ ಉಳಿತಾಯ ಎಲ್ಲಿ ಉಳಿಯಿತು?

ಈಗ ತೂಕಕ್ಕೆ ಬನ್ನಿ. ಶೀಟೂ ಸೇರಿ ಒಟ್ಟು ಎಷ್ಟು ಕಬ್ಬಿಣ ಹಾಕುತ್ತೀರಿ ಎಂದು ಇಬ್ಬರನ್ನೂ ಕೇಳಿದಿರಿ ಅನ್ನಿ. ಮೊದಲನೆಯವನು 18 ಟನ್ ಎಂದ, ಎರಡನೆಯವನು 22 ಟನ್ ಎಂದ. ಜಿಎಸ್‌ಟಿ ಬಿಟ್ಟು ಲೆಕ್ಕ ಹಾಕಿದರೆ ಮೊದಲನೆಯವನದು ಕೆಜಿಗೆ 93 ರೂಪಾಯಿ ಬೀಳುತ್ತದೆ, ಎರಡನೆಯವನದು ಸುಮಾರು 79. ಅಗ್ಗ ಎಂದುಕೊಂಡವನೇ ದುಬಾರಿ!

ಶೀಟಿನ ಕಥೆಯೂ ಹೀಗೆಯೇ. 0.50 ಎಂಎಂ ಮತ್ತು 0.40 ಎಂಎಂ ಶೀಟನ್ನು ಅಕ್ಕಪಕ್ಕ ಇಟ್ಟರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಬಣ್ಣ ಒಂದೇ, ಹೊಳಪು ಒಂದೇ. ಒಂದು ಚದರ ಮೀಟರ್ ಉಕ್ಕಿನ ಹಾಳೆ 1 ಎಂಎಂ ದಪ್ಪವಿದ್ದರೆ 7.85 ಕೆಜಿ ತೂಗುತ್ತದೆ. ನಮ್ಮ 6,000 ಚದರಡಿ ಅಂದರೆ ಸುಮಾರು 557 ಚದರ ಮೀಟರ್. ದಪ್ಪದಲ್ಲಿ 0.10 ಎಂಎಂ ಕಡಿಮೆಯಾದರೆ ಛಾವಣಿ ಒಂದರಲ್ಲೇ 430 ಕೆಜಿಗಿಂತ ಹೆಚ್ಚು ಉಕ್ಕು ಮಾಯ. ಇನ್ನೊಂದು ಮಾತು: 0.50 ಎನ್ನುವುದು ಬಣ್ಣ, ಲೇಪನ ಸೇರಿದ ದಪ್ಪವೋ ಅಥವಾ ಒಳಗಿನ ಉಕ್ಕಿನದಷ್ಟೇ ದಪ್ಪವೋ ಎಂದು ಕೇಳಿ ಬರೆಸಿಕೊಳ್ಳಿ. ಒಬ್ಬ ಒಂದು ಲೆಕ್ಕದಲ್ಲಿ, ಇನ್ನೊಬ್ಬ ಇನ್ನೊಂದು ಲೆಕ್ಕದಲ್ಲಿ ಹೇಳಿದರೆ ಹೋಲಿಕೆಗೆ ಅರ್ಥವಿಲ್ಲ.

ಹಾಗಂತ ಹೆಚ್ಚು ಭಾರ ಇದ್ದದ್ದೆಲ್ಲ ಗಟ್ಟಿ ಎಂದು ತಿಳಿಯಬೇಡಿ. ಸರಿಯಾಗಿ ಲೆಕ್ಕ ಹಾಕಿ ಮಾಡಿದ ಶೆಡ್ ಕಡಿಮೆ ಕಬ್ಬಿಣದಲ್ಲೂ ಗಟ್ಟಿ ನಿಲ್ಲುತ್ತದೆ. ಬೇಕಾಗಿರುವುದು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಡ್ರಾಯಿಂಗ್. ಅದರಲ್ಲಿ ಯಾವ ಗಾಳಿಯ ವೇಗಕ್ಕೆ ಲೆಕ್ಕ ಹಾಕಿದ್ದಾರೆ ಎಂಬುದು ಇರಲೇಬೇಕು. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಊರಿಗೆ ತಕ್ಕಂತೆ ಗಾಳಿಯ ವೇಗ ಕೊಡುತ್ತದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಅಂತರ ಆರೇ ಮೀಟರ್ ಎನಿಸಬಹುದು. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹತ್ತಿರ ಹತ್ತಿರ ಶೇ 40 ಹೆಚ್ಚು. ಒಂದೂರಿನ ಡ್ರಾಯಿಂಗನ್ನು ಇನ್ನೊಂದೂರಿಗೆ ನಕಲು ಹೊಡೆಯಬಾರದು ಎನ್ನುವುದು ಇದಕ್ಕೇ.

ಏಪ್ರಿಲ್, ಮೇ ತಿಂಗಳ ಗಾಳಿ ಮಳೆಗೆ ಶೀಟು ಹಾರಿಹೋದ ಸುದ್ದಿ ಪ್ರತಿವರ್ಷ ಓದುತ್ತೇವೆ. ಗಾಳಿ ಛಾವಣಿಯನ್ನು ಬರೀ ತಳ್ಳುವುದಿಲ್ಲ, ಮೇಲಕ್ಕೆ ಎಳೆಯುತ್ತದೆ. ಒಂದು ಬದಿ ತೆರೆದ ಶೆಡ್ ಆದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ಆಗ ಹಿಡಿದಿಡುವುದು ಸ್ಕ್ರೂ, ಶೀಟಿನ ಕೆಳಗಿನ ಪರ್ಲಿನ್, ಕಂಬದ ಬುಡದ ಬೋಲ್ಟು. ಚದರಡಿಗೆ ಹತ್ತು ರೂಪಾಯಿ ಇಳಿಸು ಎಂದು ಚೌಕಾಶಿ ಮಾಡಿದಾಗ ಕಡಿಮೆಯಾಗುವುದೂ ಇವೇ. ಶೀಟು ಹಾರಿದರೆ ಕೆಳಗಿದ್ದ ಜೋಳ ಒಂದೇ ರಾತ್ರಿಯಲ್ಲಿ ನೆನೆದು ಬೂಸ್ಟು ಹಿಡಿಯುತ್ತದೆ. ಕೆಳಗೆ ಜನ ಇದ್ದರೆ ಅದರ ಲೆಕ್ಕ ಯಾವ ಕೊಟೇಶನ್ನಿನಲ್ಲೂ ಇಲ್ಲ.

ಹಾಗಾದರೆ ಯಾರಿಗೆ ಕೊಡಬೇಕು? ತಾಲ್ಲೂಕಿನ ಫ್ಯಾಬ್ರಿಕೇಟರ್‌ಗೋ, ಕಾರ್ಖಾನೆಯಲ್ಲೇ ಭಾಗಗಳನ್ನು ತಯಾರಿಸಿ ತಂದು ಬೋಲ್ಟು ಬಿಗಿಯುವ ಪಿಇಬಿ ಕಂಪನಿಗೋ? 30–40 ಅಡಿ ಅಗಲದ ಶೆಡ್ಡಿಗೆ ಒಳ್ಳೆಯ ಫ್ಯಾಬ್ರಿಕೇಟರ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ನಾಳೆ ಸೋರಿದರೆ ಬೈಕ್ ಹತ್ತಿ ಬರುತ್ತಾನೆ, ಅವನ ಹಳೆಯ ಕೆಲಸವನ್ನು ಪಕ್ಕದ ಊರಲ್ಲೇ ನೋಡಬಹುದು. ನಡುವೆ ಕಂಬವಿಲ್ಲದೆ 60 ಅಡಿ, 80 ಅಡಿ ಬೇಕೆಂದರೆ ಪಿಇಬಿಯವರ ಕೊಟೇಶನ್ ಕೂಡ ತರಿಸಿ. ಅವರು ತಳಪಾಯ, ನೆಲಗಟ್ಟು ನಮಗೇ ಬಿಡುವುದುಂಟು. ಆ ಖರ್ಚು ಸೇರಿಸಿಯೇ ಹೋಲಿಸಿ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಸಂಘ, ಟ್ರಸ್ಟು, ರೈತ ಉತ್ಪಾದಕ ಕಂಪನಿಗಳ ಫೈಲಿನಲ್ಲಿ ಮೂರು ಕೊಟೇಶನ್ ಇರುತ್ತವೆ. ಎಷ್ಟೋ ಕಡೆ ಮೂರನ್ನೂ ತಂದುಕೊಡುವವನು ಒಬ್ಬನೇ. ಲೆಟರ್‌ಹೆಡ್ ಬೇರೆ, ಕೈ ಒಂದೇ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ, ಗರಿಷ್ಠ ಏಳು ವರ್ಷ. ರಿಯಾಯಿತಿ ಬಡ್ಡಿಗೆ ಮಾತ್ರ. ಅಸಲು ತೀರಿಸಬೇಕಾದವರು ಷೇರು ಹಾಕಿದ ರೈತರೇ. ಅವರ ದುಡ್ಡಿನಲ್ಲಿ ಇಂಥ ನಾಟಕ ಆಡಬಾರದು.

"ಬಿಲ್ ಬೇಡ ಅಂದ್ರೆ ಹದಿನೆಂಟು ಪರ್ಸೆಂಟ್ ಉಳಿಯುತ್ತೆ ಅಣ್ಣಾ" ಎನ್ನುವವರಿಗೂ ಕಿವಿಗೊಡಬೇಡಿ. ಬಿಲ್ ಇಲ್ಲದಿದ್ದರೆ ಬ್ಯಾಂಕಿಗೆ ತೋರಿಸಲು ದಾಖಲೆಯಿಲ್ಲ, ಕೆಲಸ ಕೆಟ್ಟರೆ ದೂರು ಕೊಡಲು ಆಧಾರವಿಲ್ಲ.

ನಾನು ಹೇಳುವ ದಾರಿ ಸರಳ. ರೇಟು ಕೇಳುವ ಮೊದಲು ನಿಮ್ಮ ಪಟ್ಟಿ ನೀವು ಬರೆಯಿರಿ:

• ಉದ್ದ, ಅಗಲ, ಅಂಚಿನಲ್ಲಿ ಎಷ್ಟು ಎತ್ತರ, ಲಾರಿ ಒಳಗೆ ಬರಬೇಕೇ
• ಕಂಬ, ಟ್ರಸ್, ಪರ್ಲಿನ್ ಅಳತೆ ಮತ್ತು ದಪ್ಪ, ಒಟ್ಟು ತೂಕ
• ಶೀಟಿನ ದಪ್ಪ, ಲೇಪನ, ಕಂಪನಿ
• ಯಾವ ಗಾಳಿ ವೇಗಕ್ಕೆ ಡ್ರಾಯಿಂಗ್, ಸಹಿ ಯಾರದು
• ತಳಪಾಯ, ಬೋಲ್ಟು, ಗಟರ್, ಬಾಗಿಲು, ಪ್ರೈಮರ್, ಪೇಂಟು, ಸಾಗಣೆ, ಕ್ರೇನು, ಜಿಎಸ್‌ಟಿ: ಯಾವುದು ಸೇರಿದೆ, ಯಾವುದು ಇಲ್ಲ
• ಎಷ್ಟು ದಿನದಲ್ಲಿ ಕೆಲಸ, ರೇಟು ಎಷ್ಟು ದಿನ ನಿಲ್ಲುತ್ತದೆ

ಇದೇ ಪಟ್ಟಿಯನ್ನು ಎಲ್ಲರಿಗೂ ವಾಟ್ಸ್ಆ್ಯಪ್ ಮಾಡಿ, ಉತ್ತರ ಬರವಣಿಗೆಯಲ್ಲೇ ಬರಲಿ. ಆಗ ಅಡಿಕೆಗೆ ಅಡಿಕೆ, ಜೋಳಕ್ಕೆ ಜೋಳ ಹೋಲಿಸಿದಂತೆ.

ಮಾಲು ಬಂದ ದಿನ ಲಾರಿಯನ್ನು ವೇಬ್ರಿಡ್ಜ್ ಹತ್ತಿಸಿ ತೂಕದ ಚೀಟಿ ಇಟ್ಟುಕೊಳ್ಳಿ. ಸ್ಕ್ರೂ ಗೇಜ್ ಸಿಕ್ಕರೆ ಶೀಟಿನ ದಪ್ಪ ಅಳೆಯಿರಿ. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರನ್ನು ಕೇಳಿದರೆ ಬಳಸುವುದನ್ನು ತೋರಿಸಿಕೊಡುತ್ತಾರೆ. ಹಣವನ್ನು ಕೆಲಸ ಮುಗಿದಂತೆ ಕಂತಿನಲ್ಲಿ ಕೊಡಿ. ನೂರಕ್ಕೆ ಐದಾದರೂ ಒಂದು ಮಳೆಗಾಲ ಕಳೆಯುವವರೆಗೆ ಹಿಡಿದುಕೊಳ್ಳಿ. ಈ ಷರತ್ತು ಮೊದಲೇ ಕರಾರಿನಲ್ಲಿರಲಿ, ಆಮೇಲೆ ಜಗಳ ಬೇಡ.

ಪ್ರಾಮಾಣಿಕವಾಗಿ ಕೆಲಸ ಮಾಡುವ ಫ್ಯಾಬ್ರಿಕೇಟರ್‌ಗಳು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಚದರಡಿ ರೇಟಿನ ಪೈಪೋಟಿಯಲ್ಲಿ ಮೊದಲು ಸೋಲುವವರು ಅವರೇ, ಯಾಕೆಂದರೆ ಹಾಕುವಷ್ಟು ಕಬ್ಬಿಣ ಹಾಕಿ ರೇಟು ಹೇಳುತ್ತಾರೆ. ಪಟ್ಟಿ ಹಿಡಿದು ಹೋದರೆ ಅವರಿಗೂ ನ್ಯಾಯ ಸಿಗುತ್ತದೆ.

ನಿಮ್ಮ ಸಂಘದಲ್ಲಿ ಶೆಡ್ ಮಾತು ನಡೆಯುತ್ತಿದ್ದರೆ ಮುಂದಿನ ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಒಟ್ಟು ಎಷ್ಟು ಟನ್?" ಉತ್ತರ ಬರದಿದ್ದರೆ ಮುಂಗಡದ ಚೆಕ್ಕಿಗೆ ಅವತ್ತು ಸಹಿ ಬೀಳದಂತೆ ನೋಡಿಕೊಳ್ಳಿ.