ಸುಂಕದ ಗೋಡೆಯೊಳಗೆ ಕೂಲಿಯ ಲೆಕ್ಕ

ಚೀನಾದ ರೇಷ್ಮೆಯ ಹಾವಳಿಯನ್ನು ತಡೆಯುತ್ತೇವೆ, ಆಮದು ಸುಂಕವನ್ನು ಏರಿಸುತ್ತೇವೆ ಎಂಬ ಭರವಸೆ ನಮ್ಮ ರೇಷ್ಮೆ ಸೀಮೆಯ ರಾಜಕಾರಣದಲ್ಲಿ ಹೊಸದೇನಲ್ಲ. ಎರಡು ದಶಕಗಳಿಗೂ ಮಿಕ್ಕಿ ಪಕ್ಷಭೇದವಿಲ್ಲದೆ ಈ ಮಾತನ್ನು ನಾಯಕರು ಆಡುತ್ತಲೇ ಬಂದಿದ್ದಾರೆ, ನಾವು ಚಪ್ಪಾಳೆ ತಟ್ಟುತ್ತಲೇ ಬಂದಿದ್ದೇವೆ. ಆದರೆ ವಿಜಯಪುರದ ನೂಲು ಬಿಚ್ಚುವ ಘಟಕದಲ್ಲಿ ಕುದಿಯುವ ನೀರಿಗೆ ಬೆರಳಿಟ್ಟು ದಿನವಿಡೀ ಎಳೆ ಹುಡುಕುವ ಹೆಣ್ಣುಮಗಳಿಗೆ, ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬರ ಮಗ್ಗದ ಮುಂದೆ ಕೂಲಿಗೆ ನಿಲ್ಲುವ ಯುವಕನಿಗೆ ಈ ಸುಂಕದಿಂದ ನಿಜವಾಗಿ ದಕ್ಕಿದ್ದೆಷ್ಟು? ಮತ ಕೇಳುವವರು ಈ ಲೆಕ್ಕವನ್ನು ಒಪ್ಪಿಸಿದ್ದು ನಮಗೆ ನೆನಪಿಲ್ಲ. ಕೇಳಬೇಕೆಂದು ನಮಗೂ ತೋಚಲಿಲ್ಲವೆಂಬುದು ಅದಕ್ಕಿಂತ ಖೇದಕರ.

ಈ ಕಸುಬಿಗೂ ನಮ್ಮ ಜಿಲ್ಲೆಗೂ ಇರುವ ನಂಟು ಹಳೆಯದು. ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನರೇ ಬಂಗಾಳದಿಂದ ರೇಷ್ಮೆಹುಳುವನ್ನು ತರಿಸಿ ಮೈಸೂರು ಸೀಮೆಯಲ್ಲಿ ಈ ಉದ್ಯಮಕ್ಕೆ ಬುನಾದಿ ಹಾಕಿದರು. ಸುಂಕದ ಬೇಡಿಕೆಯೂ ಸ್ವಾತಂತ್ರ್ಯಕ್ಕಿಂತ ಹಳೆಯದು. 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆ ಮೈಸೂರಿನ ಹಿಪ್ಪುನೇರಳೆ ತೋಟಗಳನ್ನು ಬರಿದು ಮಾಡಿದಾಗ ಅಂದಿನ ಸುಂಕ ಮಂಡಳಿ ವಿಚಾರಣೆ ನಡೆಸಿತು, 1934ರಲ್ಲಿ ರಕ್ಷಣಾ ಸುಂಕದ ಕಾನೂನು ಬಂತು. ಆಳುವವರು ಬ್ರಿಟಿಷರಾಗಿದ್ದರೂ ದೂರು ಇಂದಿನದೇ ಆಗಿತ್ತು.

ನಮ್ಮ ಕಾಲದ ಕಥೆ 2003ರಿಂದ ಆರಂಭವಾಗುತ್ತದೆ. ಒಂದು ದೇಶ ತನ್ನ ಸರಕನ್ನು ತನ್ನ ಪೇಟೆಯ ಬೆಲೆಗಿಂತ ಕಡಿಮೆಗೆ ಇನ್ನೊಂದು ದೇಶದಲ್ಲಿ ತಂದು ಸುರಿಯುವುದನ್ನು ಡಂಪಿಂಗ್ ಎನ್ನುತ್ತಾರೆ. ಸ್ಥಳೀಯ ಉತ್ಪಾದಕರು ದೂರು ನೀಡಿದರೆ ಕೇಂದ್ರ ವಾಣಿಜ್ಯ ಸಚಿವಾಲಯದ ಪ್ರಾಧಿಕಾರ ವಿಚಾರಣೆ ನಡೆಸಿ ಶಿಫಾರಸು ಮಾಡುತ್ತದೆ, ಹಣಕಾಸು ಸಚಿವಾಲಯ ಆದೇಶ ಹೊರಡಿಸುತ್ತದೆ, ಸಾಮಾನ್ಯವಾಗಿ ಐದು ವರ್ಷಗಳ ಅವಧಿಗೆ. 2003ರಲ್ಲಿ ಚೀನಾದ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಹೀಗೊಂದು ಆ್ಯಂಟಿ ಡಂಪಿಂಗ್ ಸುಂಕ ಬಿತ್ತು. ಆದರೆ ಅದು ‘2ಎ’ ದರ್ಜೆ ಮತ್ತು ಅದಕ್ಕಿಂತ ಕೆಳಗಿನ ನೂಲಿಗೆ ಮಾತ್ರ. ಮೇಲಿನ ದರ್ಜೆಯ ಬಾಗಿಲು ತೆರೆದೇ ಇತ್ತು. ಬೇಲಿ ಎಲ್ಲಿ ತಗ್ಗಾಗಿದೆಯೋ ಅಲ್ಲಿಂದ ದಾಟುವುದನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಿಲ್ಲ. 2016ರ ಜನವರಿಯಲ್ಲಿ ‘3ಎ’ ದರ್ಜೆಯವರೆಗೆ ಕಿಲೋಗೆ 1.85 ಡಾಲರ್ ಸುಂಕ ಹೇರುವ ಹೊತ್ತಿಗೆ ಹದಿಮೂರು ವರ್ಷ ಕಳೆದಿತ್ತು.

ಇದರ ಜೊತೆಗೇ ಮೂಲ ಆಮದು ಸುಂಕದ ಏರಿಳಿತವನ್ನೂ ಗಮನಿಸಬೇಕು. 2011ರ ಬಜೆಟ್ಟಿನಲ್ಲಿ ಅಂದಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿಯವರು ಕಚ್ಚಾ ರೇಷ್ಮೆಯ ಸುಂಕವನ್ನು ಶೇ. 30ರಿಂದ ಒಮ್ಮೆಗೇ ಶೇ. 5ಕ್ಕೆ ಇಳಿಸಿದರು. ಕೆಲವೇ ತಿಂಗಳುಗಳಲ್ಲಿ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ಬೆಲೆ ನೆಲಕಚ್ಚಿತು, ರೈತರು ಬೀದಿಗಿಳಿದರು. ಅಧಿಕ ಬೆಲೆಗೆ ಗೂಡು ಕೊಂಡು ನೂಲು ತೆಗೆದಿಟ್ಟಿದ್ದ ಸಣ್ಣ ರೀಲರುಗಳ ಬಂಡವಾಳ ಮುಳುಗಿತು. ಒಲೆ ಆರಿದ ಘಟಕದಲ್ಲಿ ಕೂಲಿಯವಳಿಗೆ ಕೆಲಸವೆಲ್ಲಿ? 2013ರಲ್ಲಿ ಪಿ. ಚಿದಂಬರಂ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಮತ್ತೆ ಶೇ. 10ಕ್ಕೆ ಇಳಿದದ್ದನ್ನು 2021ರಲ್ಲಿ ನಿರ್ಮಲಾ ಸೀತಾರಾಮನ್ ಪುನಃ ಶೇ. 15ಕ್ಕೆ ತಂದರು.

ಆದ್ದರಿಂದ ಸುಂಕವೇ ಬೇಡವೆಂದು ವಾದಿಸುವ ಪಟ್ಟಣದ ಪಂಡಿತರ ಜೊತೆ ನಾವಿಲ್ಲ. ಸರಕಾರದ ಬೆಂಬಲದಿಂದ ಅಗ್ಗವಾಗಿ ಬರುವ ಸರಕಿನ ಎದುರು ಎರಡು ಎಕರೆಯ ರೈತನನ್ನೂ ನಾಲ್ಕು ಬೇಸಿನ್ನಿನ ರೀಲರನ್ನೂ ಬರಿಗೈಯಲ್ಲಿ ನಿಲ್ಲಿಸುವುದು ಮುಕ್ತ ವ್ಯಾಪಾರವಲ್ಲ. ಗೂಡು ತರುವ ರೈತ ಹೆಚ್ಚಾಗಿ ಒಕ್ಕಲಿಗ, ಹರಾಜಿನಲ್ಲಿ ಕೊಳ್ಳುವ ರೀಲರ್ ಹೆಚ್ಚಾಗಿ ಮುಸ್ಲಿಮ್; 2022ರಲ್ಲಿ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳ ಬಹಿಷ್ಕಾರದ ಕೂಗು ಎದ್ದಾಗಲೂ ಈ ಮಾರುಕಟ್ಟೆಗಳು ನಡೆಯುತ್ತಲೇ ಇದ್ದವು. ಇಂಥ ಪರಸ್ಪರ ಅವಲಂಬನೆಯನ್ನು ಉಳಿಸುವ ಯಾವ ನೀತಿಯೂ ನಮಗೆ ಪ್ರಿಯವೇ.

ಆದರೆ ಇದೇ ಗೂಡಿನ ಎಳೆಯನ್ನು ಹಿಡಿದು ದೊಡ್ಡಬಳ್ಳಾಪುರಕ್ಕೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿನ ಸಾವಿರಾರು ವಿದ್ಯುತ್ ಮಗ್ಗಗಳಿಗೆ ಕಚ್ಚಾ ರೇಷ್ಮೆ ಮಾರುವ ಸರಕಲ್ಲ, ಕೊಳ್ಳುವ ಸರಕು. ವೇಗವಾಗಿ ಓಡುವ ಮಗ್ಗದ ಹಾಸಿಗೆ ಒಂದೇ ಸಮನಾದ, ಕಡಿಯದ ನೂಲು ಬೇಕು. ಚರಕ ಮತ್ತು ಕಾಟೇಜ್ ಬೇಸಿನ್ನಿನಲ್ಲಿ ತೆಗೆದ ನಮ್ಮ ನೂಲು ಹೊಕ್ಕಿಗೆ ಒಗ್ಗುತ್ತದೆ, ಹಾಸಿಗೆ ಅಷ್ಟು ಒಗ್ಗುವುದಿಲ್ಲ ಎಂಬುದು ನೇಕಾರರ ಬಹುಕಾಲದ ತಕರಾರು. ಸುಂಕ ಏರಿದರೆ ನೂಲಿನ ಬೆಲೆ ಏರುತ್ತದೆ, ಆದರೆ ಸೀರೆಯ ಬೆಲೆಯನ್ನು ಅದೇ ಪ್ರಮಾಣದಲ್ಲಿ ಏರಿಸಲು ಸಗಟು ವ್ಯಾಪಾರಿ ಒಪ್ಪುವುದಿಲ್ಲ. ನಡುವಿನ ಅಂತರವನ್ನು ಯಾರ ಮೇಲೆ ಹಾಕುತ್ತಾರೆ? ಮೊದಲು ಮಗ್ಗದ ಕೂಲಿಯ ಮೇಲೆ. ವಿಜಯಪುರದಲ್ಲಿ ಮಳೆಯಾದದ್ದು ಕೆಲವೇ ಮೈಲಿಗಳಾಚೆ ಬರವಾಗುವುದು ಹೀಗೆ. ಇನ್ನು ನೇಕಾರರು ಇತ್ತೀಚೆಗೆ ಹೆಚ್ಚು ದೂರುವುದು ಸೂರತ್‌ನಿಂದ ಬರುವ ಅಗ್ಗದ ಸೀರೆಗಳನ್ನು. ಸೂರತ್ ಚೀನಾದಲ್ಲಿಲ್ಲ, ಅದಕ್ಕೆ ಯಾವ ಬಂದರಿನಲ್ಲೂ ಸುಂಕ ಹಾಕಲಾಗದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸುಂಕ ಬೆಲೆಗೆ ಗೋಡೆ ಕಟ್ಟುತ್ತದೆ, ಕೂಲಿಗೆ ಕಟ್ಟುವುದಿಲ್ಲ. ಆಮದು ನೂಲು ದುಬಾರಿಯಾದಾಗ ಗೂಡಿಗೆ ಬೆಲೆ ಬರುತ್ತದೆ, ರೈತನಿಗೆ ಅದರ ಪಾಲು ನೇರವಾಗಿ ಸಿಗುತ್ತದೆ. ರೀಲರಿಗೆ ಸಿಗುವುದು ಗೂಡಿನ ಬೆಲೆಗೂ ನೂಲಿನ ಬೆಲೆಗೂ ನಡುವಿನ ಸಣ್ಣ ಅಂತರ. ಅದರಲ್ಲೂ ಮುಂಗಡ ಕೊಟ್ಟ ನೂಲಿನ ವ್ಯಾಪಾರಿ ತನ್ನ ಬಡ್ಡಿಯನ್ನೋ ಬಡ್ಡಿಯ ಇನ್ನೊಂದು ಹೆಸರನ್ನೋ ಮುರಿದುಕೊಳ್ಳುತ್ತಾನೆ. ನೂಲು ಬಿಚ್ಚುವವಳ ದಿನಗೂಲಿ ಮಾತ್ರ ದೆಹಲಿಯ ಆದೇಶದೊಂದಿಗೆ ಮಿಸುಕುವುದಿಲ್ಲ. ಬೆಲೆ ಬಿದ್ದಾಗ ಮೊದಲು ಕೆಲಸ ಕಳೆದುಕೊಳ್ಳುವವಳೂ ಅವಳೇ, ಬೆಲೆ ಎದ್ದಾಗ ಕಡೆಗೆ ನೆನಪಾಗುವವಳೂ ಅವಳೇ. ಸಂಗ್ರಹವಾದ ಸುಂಕದ ಹಣವೂ ಅವಳತ್ತ ಬರುವುದಿಲ್ಲ, ಅದು ಕೇಂದ್ರದ ಖಜಾನೆಗೆ ಜಮೆಯಾಗುತ್ತದೆ.

ಇಲ್ಲಿ ನಾವು ನಮ್ಮವರನ್ನೇ ಕೇಳಬೇಕಾದ ಅಹಿತಕರ ಪ್ರಶ್ನೆಯೊಂದಿದೆ. ಶಿಡ್ಲಘಟ್ಟ, ವಿಜಯಪುರ, ರಾಮನಗರದ ಘಟಕಗಳಲ್ಲಿ ಮಾಲೀಕರೂ ಬಹುಪಾಲು ಮುಸ್ಲಿಮರು, ಕೂಲಿಯವರಲ್ಲೂ ಮುಸ್ಲಿಮ್ ಹೆಂಗಸರ ಸಂಖ್ಯೆ ದೊಡ್ಡದು. ಬೆಂದ ಗೂಡಿನ ಆವಿಯಲ್ಲಿ ಉಬ್ಬಸ ಅಂಟಿಸಿಕೊಂಡವರು, ಬೆರಳಿನ ಚರ್ಮ ಸುಲಿದವರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿ ರಾಮನಗರ, ಮಾಗಡಿ ಭಾಗದ ರೇಷ್ಮೆ ಘಟಕಗಳಲ್ಲಿ ಮುಂಗಡ ಸಾಲಕ್ಕೆ ಒತ್ತೆಯಾಗಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ಜಗತ್ತಿನ ಮುಂದಿಟ್ಟಿತು. ಚೀನಾದ ವಿರುದ್ಧ ನಾವು ನ್ಯಾಯ ಪಡೆದ ವರ್ಷವೂ ಅದೇ ಎಂಬುದು ಕಹಿ ಕಾಕತಾಳೀಯ. ಆ ಬಳಿಕ ಮಕ್ಕಳು ಘಟಕಗಳಿಂದ ಶಾಲೆಗಳತ್ತ ಸರಿದಿದ್ದಾರೆ, ನಿಜ. ಆದರೆ ಅವರ ತಾಯಂದಿರನ್ನು ಕಟ್ಟಿಹಾಕುವ ಮುಂಗಡದ ಪದ್ಧತಿ ಸರಿಯಿತೇ? ಹತ್ತಕ್ಕಿಂತ ಕಡಿಮೆ ಕೂಲಿಯವರಿರುವ ಘಟಕಕ್ಕೆ ಇಎಸ್‌ಐ ಸೌಲಭ್ಯ ಕಡ್ಡಾಯವಲ್ಲ, ಸಣ್ಣ ಘಟಕಗಳಲ್ಲಿ ಅಷ್ಟು ಮಂದಿಯೂ ಇರುವುದಿಲ್ಲ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಆದೇಶವನ್ನು ಜುಮಾದ ಖುತ್ಬಾದಲ್ಲಿ ಕೇಳಿ ತಲೆದೂಗುವ ನಾವು, ಅನ್ಯಾಯದ ಬೆಲೆಯ ವಿರುದ್ಧ ದೆಹಲಿಗೆ ಮನವಿ ಒಯ್ಯುವಷ್ಟು ಉತ್ಸಾಹವನ್ನು ಅನ್ಯಾಯದ ಕೂಲಿಯ ವಿರುದ್ಧ ತೋರಿದ್ದೇವೆಯೇ?

ಆಮದಿನ ಮೇಲೆ ಸುಂಕ ವಿಧಿಸುವುದು ಇಸ್ಲಾಮೀ ಆಡಳಿತಕ್ಕೂ ಅಪರಿಚಿತವಲ್ಲ. ನಮ್ಮ ವರ್ತಕರಿಂದ ಅವರ ನಾಡಿನಲ್ಲಿ ಹತ್ತನೇ ಒಂದು ಪಾಲು ವಸೂಲು ಮಾಡುತ್ತಿದ್ದಾರೆಂದು ಅಬೂ ಮೂಸಾ ಅಶ್‌ಅರಿ(ರ) ಬರೆದಾಗ, ನೀವೂ ಅವರಿಂದ ಅಷ್ಟೇ ಪಡೆಯಿರಿ ಎಂದು ಖಲೀಫಾ ಉಮರ್(ರ) ಉತ್ತರಿಸಿದರೆಂದು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ. ಆದರೆ ಅದೇ ಉಮರ್(ರ) ಮದೀನಾಕ್ಕೆ ಬರುವ ಗೋಧಿ ಮತ್ತು ಎಣ್ಣೆಯ ಮೇಲಿನ ಸುಂಕವನ್ನು ಇಪ್ಪತ್ತನೇ ಒಂದಕ್ಕೆ ಇಳಿಸಿದರು, ಆ ಸರಕು ಪಟ್ಟಣಕ್ಕೆ ಹೇರಳವಾಗಿ ಬರಲೆಂದು. ಕಾಳುಗಳ ಮೇಲೆ ಮಾತ್ರ ಪೂರ್ತಿ ದಶಮಾಂಶ. ಇಮಾಮ್ ಮಾಲಿಕರ ಮುವತ್ತಾದಲ್ಲಿ ಇದು ಉಲ್ಲೇಖಿತ. ಯಾವ ಸರಕು ಯಾರ ಒಲೆಗೆ ಹೋಗುತ್ತದೆಂದು ನೋಡಿ ಸುಂಕ ನಿರ್ಧರಿಸುವ ಈ ವಿವೇಚನೆ ನಮ್ಮ ಬಜೆಟ್ಟುಗಳಲ್ಲಿ ಅಪರೂಪ. ನೂಲಿನ ದರ್ಜೆ ನೋಡುತ್ತಾರೆ, ನೂಲು ತೆಗೆದವಳನ್ನು ನೋಡುವುದಿಲ್ಲ.

ಸುಂಕಕ್ಕೂ ಮತಕ್ಕೂ ಇರುವ ಸಂಬಂಧವನ್ನು ಅಮೆರಿಕದ ಅನುಭವ ಇನ್ನಷ್ಟು ಬಿಚ್ಚಿಡುತ್ತದೆ. 2018-19ರಲ್ಲಿ ಡೊನಾಲ್ಡ್ ಟ್ರಂಪ್ ಚೀನಾ ಮತ್ತಿತರ ದೇಶಗಳ ಸರಕಿನ ಮೇಲೆ ಹೇರಿದ ಸುಂಕದ ಫಲವನ್ನು ಡೇವಿಡ್ ಆಟರ್ ಮತ್ತು ಸಂಗಡಿಗರು ಅಳೆದು 2024ರಲ್ಲಿ ಪ್ರಕಟಿಸಿದರು. ರಕ್ಷಣೆ ಪಡೆದ ಪ್ರದೇಶಗಳಲ್ಲಿ ಉದ್ಯೋಗ ಹೆಚ್ಚಿದ್ದು ಕಾಣಲಿಲ್ಲ. ಎದುರು ದೇಶಗಳ ಪ್ರತೀಕಾರದ ಸುಂಕದಿಂದ ಕೃಷಿ ಪ್ರದೇಶಗಳಲ್ಲಿ ಉದ್ಯೋಗಕ್ಕೆ ಪೆಟ್ಟೇ ಬಿತ್ತು. ಆದರೂ ರಕ್ಷಣೆ ಪಡೆದ ಪ್ರದೇಶಗಳಲ್ಲಿ ಆಡಳಿತ ಪಕ್ಷದ ಬೆಂಬಲ ಹೆಚ್ಚಿತು. ಕೆಲಸ ಬರಲಿಲ್ಲ, ಮತ ಬಂತು! ದೂರದ ಕಥೆಯೆಂದು ನಗಬೇಕಾಗಿಲ್ಲ. 2025ರ ಆಗಸ್ಟಿನಲ್ಲಿ ಅದೇ ಟ್ರಂಪ್ ಭಾರತದ ಸರಕಿನ ಮೇಲೆ ಶೇ. 50ರ ಸುಂಕ ಹೇರಿದಾಗ ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನಂತಹ ರಫ್ತು ಗಾರ್ಮೆಂಟ್ ಕೇಂದ್ರಗಳ ಹೆಣ್ಣುಮಕ್ಕಳಿಗೂ ಆತಂಕ ತಟ್ಟಿತು.

ಇನ್ನೊಂದು ಸರಳ ಸಂಗತಿಯನ್ನು ಮತದಾರರು ತಿಳಿದಿರಬೇಕು. ಆಮದು ಸುಂಕ ಸಂಪೂರ್ಣವಾಗಿ ಕೇಂದ್ರದ ಅಧಿಕಾರ. ವಿಧಾನಸಭೆಗೋ ಪುರಸಭೆಗೋ ನಿಂತವರು ಸುಂಕ ಏರಿಸುತ್ತೇವೆಂದರೆ ಅದು ತಮ್ಮ ಕೈಯಲ್ಲಿಲ್ಲದ್ದನ್ನು ಹಂಚುವ ಔದಾರ್ಯ. ರಾಜ್ಯದ ಕೈಯಲ್ಲಿರುವುದು ಬೇರೆ: ಕನಿಷ್ಠ ವೇತನದ ದರ, ಅದನ್ನು ಪರಿಶೀಲಿಸುವ ಕಾರ್ಮಿಕ ನಿರೀಕ್ಷಕರು, 1959ರ ಕಾಯ್ದೆಯಡಿ ನಡೆಯುವ ಗೂಡಿನ ಮಾರುಕಟ್ಟೆಗಳು, ಬೆಲೆ ಬಿದ್ದಾಗ ನೂಲು ಕೊಂಡು ರೀಲರನ್ನು ಕಾಯಬೇಕಾದ, 1979ರಲ್ಲಿ ಸ್ಥಾಪನೆಯಾದ ರೇಷ್ಮೆ ಮಾರಾಟ ಮಂಡಳಿ. ಈ ಮಂಡಳಿಯ ಬಳಿ ಸಾಕಷ್ಟು ದುಡಿಯುವ ಬಂಡವಾಳವಿದ್ದರೆ ಸಣ್ಣ ರೀಲರ್ ಬಡ್ಡಿಯ ವ್ಯಾಪಾರಿಯ ಬಾಗಿಲಿಗೆ ಹೋಗಬೇಕಿಲ್ಲ, ಕೂಲಿ ಏರಿಸಲಾರೆನೆಂಬ ಅವನ ನೆಪಕ್ಕೂ ಆಧಾರವಿರುವುದಿಲ್ಲ. ಹಿಪ್ಪುನೇರಳೆ ಬೆಳೆಯುವ ಭೂಮಿಯ ಪ್ರಶ್ನೆಯೂ ರಾಜ್ಯದ್ದೇ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಭೂಸ್ವಾಧೀನವನ್ನು ರೈತರು ಮೂರು ವರ್ಷಗಳಿಗೂ ಹೆಚ್ಚು ಕಾಲ ಹೋರಾಡಿ 2025ರ ಜುಲೈಯಲ್ಲಿ ಕೈಬಿಡಿಸಿದರಲ್ಲ, ಅಲ್ಲಿ ಯಾರೂ ಸುಂಕದ ಹೆಸರೆತ್ತಿರಲಿಲ್ಲ. ತೋಟವೇ ನಿವೇಶನವಾದ ಮೇಲೆ ಸುಂಕ ಯಾವ ಗೂಡನ್ನು ಕಾಯುತ್ತದೆ?

ಸುಂಕದ ಮಾತನ್ನು ಕೇಳಬೇಕಾದದ್ದು ಸಂಸದರನ್ನು. ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಮತ ಹಾಕುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ಅಲ್ಲಿ ನಿಲ್ಲುವವರು ಯಾವ ಪಕ್ಷದವರಾದರೂ ಸರಿ, ಅವರಿಂದ ಎರಡು ಉತ್ತರ ಬರಲಿ. ರೇಷ್ಮೆಯ ಆಮದಿನಿಂದ ಖಜಾನೆ ಸೇರುವ ಸುಂಕದ ಒಂದು ಪಾಲನ್ನು ನೂಲು ಬಿಚ್ಚುವವರ, ಹುರಿ ಹಾಕುವವರ, ನೇಯುವವರ ಆರೋಗ್ಯ ವಿಮೆಗೆ ಮತ್ತು ಘಟಕಗಳ ಯಂತ್ರ ಸುಧಾರಣೆಗೆ ಮೀಸಲಿಡಬೇಕೆಂದು ಸಂಸತ್ತಿನಲ್ಲಿ ಕೇಳುವರೇ? ಸುಂಕ ಏರಿದ ವರ್ಷ ದೊಡ್ಡಬಳ್ಳಾಪುರದ ನೇಕಾರನಿಗೆ ನೂಲಿನ ಬೆಲೆಯಲ್ಲಿ ರಿಯಾಯಿತಿ ಕೊಡಿಸುವರೇ? ಘಟಕಗಳ ಮಾಲೀಕರೂ ಮಸೀದಿ ಕಮಿಟಿಗಳೂ ಅಷ್ಟರವರೆಗೆ ಕಾಯುವ ಅಗತ್ಯವಿಲ್ಲ. ಮುಂಗಡವನ್ನು ಕೂಲಿಯಲ್ಲಿ ಮುರಿಯುವ ಲೆಕ್ಕದ ಪುಸ್ತಕವನ್ನು ಕೂಲಿಯವಳಿಗೆ ಓದಿ ಹೇಳಿ, ಅವಳ ಕೈಯಲ್ಲೊಂದು ಪ್ರತಿ ಕೊಡುವ ಕೆಲಸಕ್ಕೆ ದೆಹಲಿಯ ಆದೇಶ ಬೇಕಿಲ್ಲ. ಅದನ್ನು ಈ ತಿಂಗಳ ಬಟವಾಡೆಯಿಂದಲೇ ಆರಂಭಿಸಬಹುದು.